ಮನೆಯ ಕೈತೋಟ: ಕೀಟಕ್ಕೆ ಮದ್ದು ಹೊಡೆಯುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಅಸರ್ ನಮಾಝ್ ಮುಗಿಸಿ ಕ್ಲಿನಿಕ್ಕಿಗೆ ಬಂದು ಆಗಷ್ಟೇ ಕುಳಿತಿದ್ದೆ. ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಓಡಿ ಬಂದರು. ಹಿಂದೆಯೇ ಮಗುವಿನ ಅಜ್ಜಿ. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲಾ ಬೆವರಿತ್ತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು.

ಅವರ ಮನೆಯ ತಾರಸಿಯಲ್ಲಿ ಬದನೆ ಗಿಡಗಳಿದ್ದವು. ಕಾಯಿಗೆ ಹುಳು ಬಿದ್ದಿತೆಂದು ಯಾರಿಂದಲೋ ಸ್ವಲ್ಪ ಕೀಟನಾಶಕವನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಹಾಕಿಸಿ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದರು. ಮಗು ಅದನ್ನು ಶರಬತ್ತೆಂದು ತಿಳಿದು ಕುಡಿದಿತ್ತು.

“ಡಾಕ್ಟ್ರೇ, ವಿಷ ಇಳಿಯಲು ನಿಮ್ಮಲ್ಲಿ ಯುನಾನಿ ಔಷಧ ಏನಾದರೂ ಇದೆಯಾ?” ಎಂದು ತಾಯಿ ಕೇಳಿದರು. ಅಜ್ಜಿಯ ಕೈಯಲ್ಲಿ ಲೋಟದ ತುಂಬ ಹುಣಸೆ ನೀರಿತ್ತು, ವಾಂತಿ ಮಾಡಿಸುವುದಕ್ಕೆ. “ಇಲ್ಲಮ್ಮಾ, ಇದಕ್ಕೆ ನನ್ನಲ್ಲಿ ಔಷಧವಿಲ್ಲ. ಆ ನೀರನ್ನೂ ಕುಡಿಸಬೇಡಿ” ಎಂದೆ. ಮದ್ದು ಚೆಲ್ಲಿದ್ದ ಅಂಗಿಯನ್ನು ಕಳಚಿಸಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಆ ಬಾಟಲಿಯ ಸಮೇತ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಕೆಲವು ದಿನ ತುರ್ತು ನಿಗಾ ಘಟಕದಲ್ಲಿದ್ದು ಮಗು ಮನೆಗೆ ಮರಳಿತು. ಅಲ್‌ಹಂದುಲಿಲ್ಲಾಹ್.

ಆ ತಾಯಿ ತಾರಸಿಯಲ್ಲಿ ಬದನೆ ನೆಟ್ಟದ್ದು ಏಕೆ? ಪೇಟೆಯ ತರಕಾರಿಯಲ್ಲಿ ವಿಷವಿರುತ್ತದೆ, ಮಗುವಿಗೆ ಶುದ್ಧವಾದದ್ದನ್ನು ತಿನ್ನಿಸಬೇಕು ಎಂದು. ಉದ್ದೇಶ ಎಷ್ಟು ಒಳ್ಳೆಯದಿತ್ತೋ ದಾರಿ ಅಷ್ಟೇ ತಪ್ಪಾಯಿತು. ಕೈತೋಟ ಮಾಡಿ ಎಂದು ನಾನು ನನ್ನ ರೋಗಿಗಳಿಗೆ ಇಂದಿಗೂ ಹೇಳುತ್ತೇನೆ. ಆದರೆ ಅದನ್ನು ಮಕ್ಕಳಿಗೆ ಅಪಾಯವಾಗದಂತೆ ಮಾಡುವುದು ಹೇಗೆ ಎಂಬುದನ್ನೂ ಜೊತೆಗೇ ಹೇಳುತ್ತೇನೆ. ಈ ಲೇಖನ ಅದಕ್ಕಾಗಿಯೇ.

ಕೈತೋಟ ಮತ್ತು ಆರೋಗ್ಯ

ಆರೋಗ್ಯ ಕಾಪಾಡಲು ಆರು ಅಗತ್ಯಗಳು ಸರಿಯಾಗಿರಬೇಕು ಎಂಬುದು ಯುನಾನಿ ವೈದ್ಯಶಾಸ್ತ್ರದ ಮೂಲ ಪಾಠ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೊರಹೋಗಬೇಕಾದದ್ದು ಹೋಗುವುದು. ಇವುಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎನ್ನುತ್ತೇವೆ. ದಿನಕ್ಕೆ ಅರ್ಧ ಗಂಟೆ ಗಿಡಗಳ ನಡುವೆ ಕಳೆಯುವವರಿಗೆ ಈ ಆರರಲ್ಲಿ ಹೆಚ್ಚಿನವು ಸುಲಭವಾಗಿ ದೊರೆಯುತ್ತವೆ. ಮೈ ಬಗ್ಗುತ್ತದೆ, ಬೆಳಗಿನ ಬಿಸಿಲು ಬೀಳುತ್ತದೆ, ಊಟಕ್ಕೆ ಸೊಪ್ಪು ಸೇರುತ್ತದೆ, ಹೊಟ್ಟೆ ಸಲೀಸಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಊಟವೆಂದರೆ ಅನ್ನ, ಮೀನು ಅಥವಾ ಮಾಂಸ. ತಟ್ಟೆಯಲ್ಲಿ ಹಸಿರು ಕಾಣುವುದು ಬಿರಿಯಾನಿಯ ಮೇಲಿನ ಕೊತ್ತಂಬರಿ, ಪುದೀನ ಮಾತ್ರ. ಹರಿವೆ, ಬಸಳೆ, ನುಗ್ಗೆ ಸೊಪ್ಪುಗಳಲ್ಲಿ ಕಬ್ಬಿಣಾಂಶವಿದೆ. ಅವುಗಳ ಪಲ್ಯಕ್ಕೆ ಲಿಂಬೆರಸ ಹಿಂಡಿದರೆ ಅದು ದೇಹಕ್ಕೆ ಹೆಚ್ಚು ಹತ್ತುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಆದರೆ ಒಂದು ಮಾತು: ಈಗಾಗಲೇ ರಕ್ತಹೀನತೆ ಇರುವ ಮಗುವಿಗೆ ಸೊಪ್ಪು ಮಾತ್ರ ಸಾಲದು. ವೈದ್ಯರು ಕೊಟ್ಟ ಕಬ್ಬಿಣದ ಔಷಧವನ್ನು ನಿಲ್ಲಿಸಬೇಡಿ. ಮೂತ್ರಕೋಶದಲ್ಲಿ ಕಲ್ಲಿನ ತೊಂದರೆ ಇರುವವರು ಹರಿವೆ, ಬಸಳೆಗಳನ್ನು ದಿನಾಲೂ ತಿನ್ನುವ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ಸೌತೆ, ಸೋರೆ, ಹೀರೆ ಇವುಗಳ ಪ್ರಕೃತಿ ತಂಪು ಮತ್ತು ತೇವ. ಪುದೀನ, ಮೆಂತ್ಯಗಳದ್ದು ಬಿಸಿ ಮತ್ತು ಶುಷ್ಕ. ಬೇಸಿಗೆಯಲ್ಲಿ ಮೊದಲನೆಯವು, ಮಳೆ-ಚಳಿಯಲ್ಲಿ ಎರಡನೆಯವು ಹೆಚ್ಚು ಹಿತ. ಪ್ರವಾದಿವರ್ಯರು(ಸ) ಸೋರೆಕಾಯಿಯನ್ನು ಇಷ್ಟಪಟ್ಟು ತಟ್ಟೆಯಲ್ಲಿ ಹುಡುಕಿ ತಿನ್ನುತ್ತಿದ್ದುದನ್ನು ಕಂಡ ಅನಸ್(ರ) ಅಂದಿನಿಂದ ತಾವೂ ಅದನ್ನು ಇಷ್ಟಪಡತೊಡಗಿದರು ಎಂಬ ಹದೀಸ್ ನಿಮಗೆ ಗೊತ್ತಿರಬಹುದು. ದೊಡ್ಡವರು ಪ್ರೀತಿಯಿಂದ ತಿಂದದ್ದನ್ನು ಮಕ್ಕಳು ತಾವಾಗಿಯೇ ತಿನ್ನುತ್ತಾರೆ ಎಂಬ ಪಾಠವೂ ಅದರಲ್ಲಿದೆ.

ಎಲ್ಲಿಂದ ಆರಂಭಿಸಬೇಕು?

ಮೊದಲ ಸಲವೇ ಐವತ್ತು ಚಟ್ಟಿ ಇಡಬೇಡಿ. ಐದಾರು ಸಾಕು. ಹಣ್ಣು-ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಸೊಪ್ಪಿಗೆ ಮೂರು-ನಾಲ್ಕು ಗಂಟೆಯಾದರೂ ನಡೆಯುತ್ತದೆ. ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಭಾಗ ಬೆರೆಸಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿ. 12 ಇಂಚು ಅಗಲ, 12 ಇಂಚು ಎತ್ತರದ ಚೀಲ ನೀರುಂಡಾಗ 20 ಕಿಲೋ ದಾಟಬಹುದು. ಆದ್ದರಿಂದ ತಾರಸಿಯಲ್ಲಿ ಚೀಲಗಳನ್ನು ಒಂದೇ ಕಡೆ ಗುಡ್ಡೆಹಾಕದೆ ಗೋಡೆ, ತೊಲೆಗಳ ಮೇಲಿನ ಭಾಗದಲ್ಲಿ ಸಾಲಾಗಿ ಇಡಿ. ಪೈಂಟಿನ ಡಬ್ಬಿ, ರಾಸಾಯನಿಕ ತುಂಬಿದ್ದ ಡ್ರಮ್ಮುಗಳಲ್ಲಿ ತಿನ್ನುವ ಗಿಡ ಬೆಳೆಸಬೇಡಿ.

ಮೆಂತ್ಯ ಸೊಪ್ಪು ಮೂರು-ನಾಲ್ಕು ವಾರಗಳಲ್ಲಿ, ಹರಿವೆ ಸುಮಾರು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಬೆಂಡೆ ಒಂದೂವರೆ ತಿಂಗಳ ಹೊತ್ತಿಗೆ ಕಾಯಿ ಬಿಡುತ್ತದೆ. ಬಸಳೆ, ಪುದೀನಗಳಿಗೆ ಬೀಜ ಬೇಡ, ದಂಟು ಚುಚ್ಚಿದರೆ ಸಾಕು. ಕೊತ್ತಂಬರಿಯನ್ನು ಕೈಯಿಂದ ಉಜ್ಜಿ ಎರಡು ಹೋಳಾಗಿಸಿ ಬಿತ್ತಿ. ವುಝೂ ಮಾಡಿದ ನೀರನ್ನು ಒಂದು ತೊಟ್ಟಿಗೆ ಬೀಳುವಂತೆ ಮಾಡಿದರೆ ಐದಾರು ಗಿಡಗಳಿಗೆ ಬೇರೆ ನೀರು ಬೇಡ. ಸೋಪು ಬೆರೆತ ನೀರನ್ನು ಮಾತ್ರ ಬುಡಕ್ಕೆ ಹಾಕಬೇಡಿ.

ಕೀಟ ಬಂದಾಗ ಏನು ಮಾಡಬೇಕು?

ಮೊದಲ ಮದ್ದು ಕಣ್ಣು. ದಿನಾ ಬೆಳಿಗ್ಗೆ ಎಲೆಯ ಅಡಿಭಾಗವನ್ನು ಮಗುಚಿ ನೋಡಿ. ಹೆಚ್ಚಿನ ಕೀಟಗಳು ಅಲ್ಲೇ ಅಡಗಿರುತ್ತವೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವವು ಇವು:

ಸಸ್ಯಹೇನು: ಅಲಸಂದೆ, ಮೆಣಸಿನ ಎಳೆ ಕುಡಿಗೆ ಹಸಿರು ಅಥವಾ ಕಪ್ಪು ಹೇನುಗಳು ಮೆತ್ತಿಕೊಳ್ಳುತ್ತವೆ. ಇರುವೆಗಳು ಸಾಲುಗಟ್ಟಿ ಹತ್ತಿದರೆ ಹೇನು ಬಂದಿದೆ ಎಂದರ್ಥ. ನೀರನ್ನು ರಭಸವಾಗಿ ಹಾಯಿಸಿದರೆ ಅರ್ಧಕ್ಕರ್ಧ ಉದುರುತ್ತವೆ.

ಹಿಟ್ಟು ತಿಗಣೆ: ದಾಸವಾಳ, ಬದನೆ, ಬೆಂಡೆಯ ದಂಟಿನಲ್ಲಿ ಬಿಳಿ ಹತ್ತಿಯಂತೆ ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪು ನೀರಿನಲ್ಲಿ ಅದ್ದಿ ಉಜ್ಜಿ ತೆಗೆಯಿರಿ.

ಬಿಳಿ ನೊಣ: ಗಿಡ ಅಲುಗಿಸಿದರೆ ಹಾರುತ್ತವೆ. ಹಳದಿ ಹಾಳೆಗೆ ಹರಳೆಣ್ಣೆ ಸವರಿ ಗಿಡಗಳ ನಡುವೆ ತೂಗುಹಾಕಿದರೆ ಅಂಟಿಕೊಳ್ಳುತ್ತವೆ.

ರಂಗೋಲಿ ಹುಳು: ಟೊಮೆಟೊ ಎಲೆಯಲ್ಲಿ ಬಿಳಿ ಗೆರೆ ಎಳೆದಂತೆ ಕಾಣುತ್ತದೆ. ಆ ಎಲೆಗಳನ್ನು ಕಿತ್ತರೆ ಸಾಕು.

ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು: ಕುಡಿ ಬಾಡಿ ಜೋತುಬಿದ್ದರೆ ಹುಳು ಒಳಗಿದೆ. ಬಾಡಿದ ಭಾಗದ ಕೆಳಗೆ ಕತ್ತರಿಸಿ ತೆಗೆದು ಸೋಪು ನೀರಿನಲ್ಲಿ ಮುಳುಗಿಸಿ. ತೂತು ಬಿದ್ದ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಹುಳು ಒಳಹೊಕ್ಕ ಮೇಲೆ ಮೇಲಿನಿಂದ ಯಾವ ಮದ್ದು ಹೊಡೆದರೂ ಅದಕ್ಕೆ ತಾಗುವುದು ಕಷ್ಟ. ಆ ಮಗು ಕುಡಿದ ಮದ್ದು ಈ ಹುಳುವಿಗೆಂದೇ ತಂದದ್ದಾಗಿತ್ತು.

ಕಾಯಿ ನೊಣ: ಹಾಗಲ, ಹೀರೆಯ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಕೊಳೆಯುತ್ತದೆ. ಮಿಡಿ ಬಿಟ್ಟ ಕೂಡಲೇ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟಿ.

ಬಸವನ ಹುಳು: ಮಳೆಗಾಲದ ರಾತ್ರಿಗಳಲ್ಲಿ ಸೊಪ್ಪನ್ನು ಬೋಳಿಸುತ್ತವೆ. ಒದ್ದೆ ಗೋಣಿಚೀಲವನ್ನು ಸಂಜೆ ಹಾಸಿಟ್ಟರೆ ಬೆಳಿಗ್ಗೆ ಅದರಡಿ ಸೇರಿರುತ್ತವೆ. ಬರಿಗೈಯಿಂದ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಕೆಲವು ಬಸವನ ಹುಳುಗಳಲ್ಲಿ ಮನುಷ್ಯನ ಮೆದುಳಿಗೆ ಹೋಗಬಲ್ಲ ಜಂತುವಿರುತ್ತದೆ.

ಇವುಗಳಿಂದ ಹತೋಟಿಗೆ ಬರದಿದ್ದರೆ ಬೇವಿನ ಬೀಜದ ಕಷಾಯ ಮಾಡಿ. 50 ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸೋಪು ಬೆರೆಸಿ. ಬೀಜ ಸಿಗದಿದ್ದರೆ 1 ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕಲಸಿ. ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ, ವಾರಕ್ಕೊಮ್ಮೆ ಎರಡು-ಮೂರು ಸಲ. ಉಳಿದದ್ದನ್ನು ಇಟ್ಟುಕೊಳ್ಳದೆ ಅಂದೇ ಮುಗಿಸಿ.

ಎಲ್ಲ ಹುಳುಗಳೂ ಶತ್ರುಗಳಲ್ಲ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯಿರುವ ಗುಲಗಂಜಿ ಹುಳು ಸಸ್ಯಹೇನುಗಳನ್ನು ತಿನ್ನುತ್ತದೆ. ಜೇಡ, ಕಪ್ಪೆ, ಹಲ್ಲಿ, ಓತಿಕ್ಯಾತಗಳೂ ನಿಮ್ಮ ಕೆಲಸಗಾರರೇ. ಪರಾಗಸ್ಪರ್ಶ ಮಾಡುವ ಜೇನುನೊಣದಂಥ ಕೀಟಗಳು ಬಾರದಿದ್ದರೆ ಸೋರೆ, ಹೀರೆಗೆ ಕಾಯಿಯಿಲ್ಲ. ವಿಷ ಹೊಡೆದರೆ ಮೊದಲು ಸಾಯುವವು ಇವೇ.

‘ನೈಸರ್ಗಿಕ’ ಎಂದರೆ ನಿರಪಾಯವಲ್ಲ

ಗಿಡಮೂಲಿಕೆಯಿಂದಲೇ ಚಿಕಿತ್ಸೆ ಮಾಡುವ ನಾನು ಈ ಮಾತನ್ನು ಒತ್ತಿ ಹೇಳಬೇಕು. ಬೇವಿನ ಎಣ್ಣೆ ಗಿಡಕ್ಕೆ ಒಳ್ಳೆಯದು, ಆದರೆ ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಜಂತಿಗೆ ಒಳ್ಳೆಯದೆಂದು ಚಮಚದಲ್ಲಿ ಕುಡಿಸುವವರು ಇಂದಿಗೂ ಇದ್ದಾರೆ. ದಯವಿಟ್ಟು ಬೇಡ.

ತಂಬಾಕಿನ ಕಷಾಯವನ್ನೂ ಮಾಡಬೇಡಿ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ತಂಬಾಕಿನಿಂದ ಟೊಮೆಟೊ, ಮೆಣಸಿನ ಗಿಡಗಳಿಗೆ ನಂಜುರೋಗವೂ ಅಂಟಬಹುದು. ಅಂಗಳದ ಸುತ್ತ ಬೆಳೆಯುವ ಉಮ್ಮತ್ತಿ, ಕಣಗಿಲೆ, ಹರಳು ಬೀಜ, ಗುಲಗಂಜಿ ಬೀಜ ಇವೆಲ್ಲ ಮಕ್ಕಳಿಗೆ ಪ್ರಾಣಾಪಾಯ ತರುವಂಥವು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ತೊಂದರೆಯಾಗಬಹುದು. ಕೈತೋಟ ಮಾಡುವ ಮನೆಯವರು ಮೊದಲು ಇವುಗಳನ್ನು ಗುರುತಿಸಿ ಮಕ್ಕಳಿಗೆ ತೋರಿಸಿಕೊಡಬೇಕು.

ಕೀಟನಾಶಕದ ಬಾಟಲಿ ಮನೆಯಲ್ಲಿದ್ದರೆ

ಐದಾರು ಚಟ್ಟಿಯ ತೋಟಕ್ಕೆ ರಾಸಾಯನಿಕ ಕೀಟನಾಶಕದ ಅಗತ್ಯವೇ ಇಲ್ಲ. ನಾಲ್ಕು ಬದನೆಕಾಯಿ ಹೋದರೆ ಹೋಗಲಿ. ಆದರೆ ಅಡಿಕೆ, ತೆಂಗು, ಭತ್ತದ ಬೇಸಾಯವಿರುವ ಮನೆಗಳಲ್ಲಿ ಬಾಟಲಿಗಳು ಇದ್ದೇ ಇರುತ್ತವೆ. ಅಂಥವರು ಈ ನಿಯಮಗಳನ್ನು ಬಿಡಲೇಬಾರದು:

ಮೂಲ ಬಾಟಲಿಯಿಂದ ಬೇರೆ ಬಾಟಲಿಗೆ, ಲೋಟಕ್ಕೆ, ಡಬ್ಬಿಗೆ ಎಂದೂ ಸುರಿಯಬೇಡಿ. ಬೀಗ ಹಾಕುವ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಅಡುಗೆಮನೆಯಿಂದ ದೂರ ಇಡಿ. ಖಾಲಿ ಬಾಟಲಿ, ಡಬ್ಬಿಗಳನ್ನು ತೊಳೆದು ಬಳಸಬೇಡಿ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತಪಟ್ಟದ್ದು ನೆನಪಿರಬಹುದು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ಪತ್ತೆಯಾಯಿತು.

ಬಾಟಲಿಯ ಮೇಲಿನ ತ್ರಿಕೋನವನ್ನು ಓದಲು ಕಲಿಯಿರಿ. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಹೆಚ್ಚಿನ ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಎಂದರೆ ಕುಡಿದರೂ ಪರವಾಗಿಲ್ಲ ಎಂದಲ್ಲ.

ಮಗು ಕುಡಿದಿದೆ ಎಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯಬೇಡಿ. ಈ ಜಾತಿಯ ಅನೇಕ ವಿಷಗಳು ನರಗಳ ಸಂದೇಶವನ್ನು ಅಂಕೆಯಿಲ್ಲದಂತೆ ಮಾಡುತ್ತವೆ. ಜೊಲ್ಲು, ಬೆವರು, ವಾಂತಿ, ಭೇದಿ, ಚಿಕ್ಕದಾದ ಪಾಪೆ, ಮಾಂಸಖಂಡಗಳ ಅದುರುವಿಕೆ, ಕೊನೆಗೆ ಉಸಿರು ನಿಲ್ಲುವುದು. ಹೀಗೆ ಮಾಡಿ:

ಒಂದು: ವಾಂತಿ ಮಾಡಿಸಬೇಡಿ. ಹಲವು ಮದ್ದುಗಳನ್ನು ಸೀಮೆಎಣ್ಣೆಯಂಥ ದ್ರಾವಣದಲ್ಲಿ ಕರಗಿಸಿರುತ್ತಾರೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪು ನೀರು, ಹುಣಸೆ ನೀರು, ಹಾಲು, ಎಣ್ಣೆ, ಮೊಟ್ಟೆ ಏನನ್ನೂ ಕೊಡಬೇಡಿ.

ಎರಡು: ಮದ್ದು ತಾಗಿದ ಬಟ್ಟೆ ಕಳಚಿ, ಮೈ-ಕೂದಲನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ನೀರು ಹಾಯಿಸಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ.

ಮೂರು: ಪ್ರಜ್ಞೆ ಮಂಕಾಗಿದ್ದರೆ, ವಾಂತಿಯಾಗುತ್ತಿದ್ದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ.

ನಾಲ್ಕು: 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಹೊರಡಿ. ಬಾಟಲಿಯನ್ನು ಲೇಬಲ್ ಸಮೇತ ಜೊತೆಗೆ ಒಯ್ಯಿರಿ. ಇದಕ್ಕೆ ಬೇಕಾದ ಪ್ರತ್ಯೌಷಧ, ಉಸಿರಾಟದ ಯಂತ್ರ ಆಸ್ಪತ್ರೆಯಲ್ಲಿವೆ. ಹಕೀಮರಲ್ಲಿಯೂ ಇಲ್ಲ, ಮಂತ್ರಿಸಿದ ನೀರು ಕೊಡುವವರಲ್ಲಿಯೂ ಇಲ್ಲ. ದುಆ ಮಾಡುತ್ತಲೇ ಓಡಿ.

ತೋಟದಿಂದ ಬರುವ ಇತರ ಕಾಯಿಲೆಗಳು

ಡೆಂಗಿ ಹರಡುವ ಸೊಳ್ಳೆ ಕೊಚ್ಚೆಯಲ್ಲಲ್ಲ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಚಟ್ಟಿಯ ಕೆಳಗಿನ ತಟ್ಟೆ, ನೀರು ತುಂಬಿಟ್ಟ ಬಕೆಟ್, ಚಿಪ್ಪು ಇವೇ ಅದರ ಮನೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ನಿಗದಿಪಡಿಸಿತು. ದಂಡಕ್ಕೆ ಹೆದರುವುದಕ್ಕಿಂತ ನೆರೆಮನೆಯ ಮಗುವನ್ನು ನೆನೆಯುವುದು ಮೇಲು. ಪ್ರತಿ ಶುಕ್ರವಾರ ಜುಮುಅಕ್ಕೆ ಸ್ನಾನ ಮಾಡುವ ಮೊದಲು ಎಲ್ಲ ತಟ್ಟೆ, ಬಕೆಟ್‌ಗಳನ್ನು ಬರಿದು ಮಾಡಿ ಬ್ರಷ್ಷಿನಿಂದ ಉಜ್ಜಿ ಕವುಚಿಡಿ. ಬರೀ ಚೆಲ್ಲಿದರೆ ಸಾಲದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಬೆಕ್ಕು ಸಾಕಿದ ಮನೆಗಳವರಿಗೊಂದು ಮಾತು. ಬೆಕ್ಕಿಗೆ ಸಡಿಲ ಮಣ್ಣೆಂದರೆ ಶೌಚಾಲಯ. ಅದರ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಇರಬಹುದು, ಗರ್ಭದಲ್ಲಿರುವ ಮಗುವಿಗೆ ಅದು ಹಾನಿಕರ. ಬೆಕ್ಕನ್ನು ಓಡಿಸಬೇಕಾಗಿಲ್ಲ. ಚಟ್ಟಿಯ ಮಣ್ಣಿನ ಮೇಲೆ ಬಲೆ ಅಥವಾ ಕಲ್ಲು ಹೊದಿಸಿ. ಗರ್ಭಿಣಿಯರು ಕೈಗವಸಿಲ್ಲದೆ ಮಣ್ಣು ಮುಟ್ಟದಿರಲಿ.

ಬರಿಗಾಲಿನಲ್ಲಿ ಒದ್ದೆ ಮಣ್ಣು ತುಳಿದರೆ ಕೊಕ್ಕೆ ಹುಳು ಚರ್ಮದ ಮೂಲಕ ಒಳಸೇರಿ ರಕ್ತ ಹೀರುತ್ತದೆ. ರಕ್ತಹೀನತೆ ನೀಗಲೆಂದು ಸೊಪ್ಪು ಬೆಳೆಸಿ, ಬೆಳೆಸುವಾಗಲೇ ಈ ಹುಳುವನ್ನು ಅಂಟಿಸಿಕೊಳ್ಳುವುದು ಬೇಡ. ಕಾಲಲ್ಲಿ ಗಾಯವಿರುವಾಗ ಮಳೆನೀರು ನಿಂತಲ್ಲಿ ಇಳಿದರೆ ಇಲಿಜ್ವರ ಬರಬಹುದು. ಮಕ್ಕಳಿಗೂ ಚಪ್ಪಲಿ ಹಾಕಿಸಿ. 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪಿಸಬೇಡಿ. ತೋಟದ ಕೆಲಸ ಮುಗಿದ ಕೂಡಲೇ ಉಗುರಿನ ಸಂದಿಯವರೆಗೆ ಸೋಪಿನಿಂದ ತೊಳೆಯಿರಿ, ನಮಾಝಿಗೆ ಬಟ್ಟೆ ಬದಲಾಯಿಸಿ. ಮನೆಯಲ್ಲೇ ಬೆಳೆದ ಪುದೀನ, ಕೊತ್ತಂಬರಿಯಾದರೂ ಹಸಿಯಾಗಿ ತಿನ್ನುವ ಮೊದಲು ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಿರಿ. ಹಸಿ ಗೊಬ್ಬರ ಹಾಕಿದ ಸೊಪ್ಪನ್ನು ಬೇಯಿಸದೆ ತಿನ್ನಬೇಡಿ.

ಮಕ್ಕಳ ಕೈಗೊಂದು ಚಟ್ಟಿ

ಪ್ರತಿ ಮಗುವಿಗೂ ಅದರದ್ದೇ ಆದ ಒಂದು ಚಟ್ಟಿ ಕೊಡಿ, ಹೆಸರು ಬರೆಯಿಸಿ. ಮೊದಲ ಬೀಜ ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಆಗಲಿ. ಮೂರು-ನಾಲ್ಕು ದಿನದಲ್ಲಿ ಮೊಳಕೆ ಕಾಣುವುದರಿಂದ ಮಗುವಿನ ತಾಳ್ಮೆ ಕೆಡುವುದಿಲ್ಲ. ಐದು ವರ್ಷದೊಳಗಿನವರು ಲೋಟದಲ್ಲಿ ನೀರು ಹಾಕಲಿ. ಆರರಿಂದ ಒಂಬತ್ತು ವರ್ಷದವರು ಬೀಜ ಬಿತ್ತಲಿ, ಎಲೆ ಮಗುಚಿ ಹುಳು ಹುಡುಕಲಿ, ಗುಲಗಂಜಿ ಹುಳುಗಳನ್ನು ಎಣಿಸಲಿ. ಹತ್ತು ದಾಟಿದವರು ಬಿತ್ತಿದ ದಿನ, ಹೂ ಬಿಟ್ಟ ದಿನ, ಕೊಯ್ದ ತೂಕವನ್ನು ಪುಸ್ತಕದಲ್ಲಿ ಬರೆದಿಡಲಿ. ಸಿಂಪಡಿಸುವ ಕೆಲಸ, ಅದು ಬೇವಿನದ್ದೇ ಆದರೂ, ದೊಡ್ಡವರದ್ದು. ನೀರಿನ ಡ್ರಮ್ಮಿಗೆ ಭದ್ರವಾದ ಮುಚ್ಚಳವಿರಲಿ, ತಾರಸಿಗೆ ತಡೆಗೋಡೆಯಿಲ್ಲದಿದ್ದರೆ ಮಕ್ಕಳನ್ನು ಅಲ್ಲಿಗೆ ಒಂಟಿಯಾಗಿ ಬಿಡಬೇಡಿ.

ಬೆಂಡೆಯೆಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ತಾವೇ ಕೊಯ್ದ ಬೆಂಡೆಯನ್ನು ಹಂಚಿಕೊಂಡು ತಿಂದದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಗಿಡ ಸತ್ತರೆ ಬೈಯಬೇಡಿ. ಬೀಜ ಹಾಕುವುದು ನಮ್ಮ ಕೆಲಸ, ಮೊಳಕೆ ಬರಿಸುವುದು ಅಲ್ಲಾಹನ ಕೆಲಸ ಎಂಬುದನ್ನು ಮಗು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗಿಳಿ ಕಚ್ಚಿದ ಮೆಣಸನ್ನು ಕಂಡು ಮಗು ಅತ್ತರೆ ಇದನ್ನು ಹೇಳಿಕೊಡಿ. ಸಾರಿಗೆ ಇನ್ನಷ್ಟು ನೀರು ಸೇರಿಸಿಯಾದರೂ ನೆರೆಯವರಿಗೆ ಕೊಡಬೇಕೆಂದು ಅಬೂದರ್(ರ)ರಿಗೆ ಅವರು ಉಪದೇಶಿಸಿದ್ದಾರೆ. ಆದ್ದರಿಂದ ಮೊದಲ ಕಟ್ಟು ಹರಿವೆಯನ್ನು ಮಗುವಿನ ಕೈಯಲ್ಲೇ ನೆರೆಮನೆಗೆ ಕಳುಹಿಸಿ, ಆ ಮನೆಯವರು ಯಾವ ಧರ್ಮದವರೇ ಆಗಿರಲಿ.

ಆರಂಭದಲ್ಲಿ ಹೇಳಿದ ಆ ಮನೆಯ ತಾರಸಿಯಲ್ಲಿ ಈಗಲೂ ಬದನೆ ಗಿಡಗಳಿವೆ. ಹುಳು ಬಿದ್ದ ಕುಡಿಗಳನ್ನು ಕತ್ತರಿಸುವವನು ಅದೇ ಹುಡುಗ. ಮೆಟ್ಟಿಲ ಕೆಳಗೆ ಯಾವ ಬಾಟಲಿಯೂ ಇಲ್ಲ. ಈ ಪುಟವನ್ನು ಓದಿ ಮುಗಿಸಿದ ನೀವು ಎದ್ದು ಹೋಗಿ ನಿಮ್ಮ ಮನೆಯ ಮೆಟ್ಟಿಲ ಕೆಳಗೆ, ಕೊಟ್ಟಿಗೆಯ ಅಟ್ಟದಲ್ಲಿ, ಸ್ನಾನಗೃಹದ ಮೂಲೆಯಲ್ಲಿ ಒಮ್ಮೆ ನೋಡಿ. ಹೆಸರಿಲ್ಲದ ಬಾಟಲಿಯೊಂದು ಸಿಕ್ಕಿದರೆ ಅದನ್ನು ಇಂದೇ ಮಕ್ಕಳಿಂದ ದೂರ ಮಾಡಿ. ಬೀಜ ಬಿತ್ತುವುದು ನಾಳೆಗಾದರೂ ಆದೀತು.